ಉಸಿರಿನ ವಾಸನೆ

ನೇಮಿನಾಥ ತೀರಿಕೊಂಡ ಅಣ್ಣ ಕುಂಥುನಾಥನ ಗದ್ದಕ್ಕೆ ಪಟ್ಟಿ ಕಟ್ಟಲು ಬಾಗಿದವನು ಅರ್ಧಕ್ಕೇ ಮುಖ ತಿರುಗಿಸಿದ.

"ಯಾಕೋ?" ಸೋದರತ್ತೆ ಜಿನ್ನವ್ವ ಕೇಳಿದಳು.

"ಏನಿಲ್ಲತ್ತಿ. ವಾಸನಿ ಇನ್ನೂ ಹೋಗಿಲ್ಲ."

ಪಟ್ಟಿಯನ್ನು ಜಿನ್ನವ್ವನೇ ತೆಗೆದುಕೊಂಡು ಕಟ್ಟಿದಳು. ಮೂಲೆಯಲ್ಲಿದ್ದ ಕಮಲವ್ವ ಎದ್ದಳು, ಅಡುಗೆಮನೆಯ ಬಾಗಿಲವರೆಗೆ ಹೋದಳು, ಅಲ್ಲಿ ಏನು ಬೇಕಾಗಿತ್ತೆಂದು ತೋಚದೆ ಮರಳಿ ಬಂದು ಗಂಡನ ಕಾಲ ಬಳಿ ಕೂತಳು. ಬೆಳಗಿನಿಂದ ಹೀಗೇ ಎಷ್ಟೋ ಸಲ ಆಗಿತ್ತು.

ಕುಂಥುನಾಥ ಮೂಡಲಗಿಯ ಕನ್ನಡ ಸಾಲೆಯ ಮಾಸ್ತರ. ವಯಸ್ಸು ನಾಲ್ವತ್ತು ತುಂಬಿರಲಿಲ್ಲ. ಮುಂಜಾನೆ ಜೀವ ಹೋಗುವ ಮುಂಚೆ, ಬಹು ದೂರದಿಂದ ಓಡಿ ಬಂದವನ ಹಾಗೆ, ದೊಡ್ಡ ದೊಡ್ಡ ಉಸಿರು ಬಿಟ್ಟಿದ್ದ. ಕಿವಿಯಲ್ಲಿ ಣಮೋಕಾರ ಮಂತ್ರ ಹೇಳಲು ಬಂದವರಿಗೆಲ್ಲ ಆ ಉಸಿರು ತಾಗಿತ್ತು. ಹಣ್ಣು ಕೊಳೆತಂಥ, ಹುಳಿಗಟ್ಟಿದ ಸಿಹಿ ವಾಸನೆ. ಒಬ್ಬೊಬ್ಬರಾಗಿ ಎದ್ದು ಅಂಗಳಕ್ಕೆ ಹೋದರು.

ಈಗ ಅಂಗಳದಲ್ಲಿ ಚಟ್ಟ ಕಟ್ಟುತ್ತಿದ್ದವರ ಮಾತು ಒಳಗೆ ಕೇಳುತ್ತಿತ್ತು.

"ಕಡೀ ದಿನಾನೂ ಕುಡಿಯೂದು ಬಿಡಲಿಲ್ಲ ನೋಡ್ರಿ."

"ಸಣ್ಣ ದನೀಲೆ ಮಾತಾಡ್ರಿ. ಹೆಣ್ಣಮಗಳು ಒಳಗ ಅದಾಳ."

"ಜೈನರ ಮನ್ಯಾಗ ಹುಟ್ಟಿ, ಸಾಲಿ ಮಾಸ್ತರಾಗಿ... ಹುಡುಗೂರಿಗೆ ಏನ್ ಕಲಿಸಿದ್ನೋ."

ಕಮಲವ್ವ ಮತ್ತೆ ಎದ್ದಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮತ್ತೆ ಬಂದು ಕೂತಳು. ಯಾರಿಗೂ ಹೇಳುವುದಿಲ್ಲವೆಂದು ಅವಳು ಗಂಡನಿಗೆ ಮಾತು ಕೊಟ್ಟಿದ್ದಳು.

*

ಮೂರು ವರ್ಷದ ಹಿಂದೆ ಕುಂಥುನಾಥ ಸೊರಗಿ ಕಡ್ಡಿಯಾಗಿದ್ದ. ಎಷ್ಟು ನೀರು ಕುಡಿದರೂ ನೀರಡಿಕೆ ತೀರುತ್ತಿರಲಿಲ್ಲ. ಬೆಳಗಾವಿಯ ಡಾಕ್ಟರರು ಸಣ್ಣದೊಂದು ಗಾಜಿನ ಬುಡ್ಡಿಯನ್ನು ಮೇಜಿನ ಮೇಲಿಟ್ಟರು.

"ಮಾಸ್ತರ, ಇದು ಸಕ್ಕರಿ ಜಡ್ಡು. ಹದಿನೈದು ವರ್ಷದ ಹಿಂದಾಗಿದ್ರ ನಿಮ್ಮನ್ನ ಹಂಗ ಮನಿಗೆ ಕಳಸ್ತಿದ್ವಿ. ಈಗ ಇನ್ಸುಲಿನ್ ಬಂದೈತಿ. ದಿನಾ ಎರಡು ಹೊತ್ತು ಸೂಜಿ ಚುಚ್ಚಗೋಬೇಕು. ಬಿಡಂಗಿಲ್ಲ."

"ಇದನ್ನ ಯಾತರಲೆ ಮಾಡ್ತಾರ್ರಿ?"

ಡಾಕ್ಟರರು ಬುಡ್ಡಿಯನ್ನು ಅವನ ಕಡೆ ಸರಿಸಿದರು. "ನಿಮಗ ಸುಳ್ಳು ಹೇಳಾಕ ಮನಸ್ಸಿಲ್ಲ. ಕೊಯ್ದ ದನದ ಹೊಟ್ಟ್ಯಾಗಿನ ಗ್ರಂಥಿಯಿಂದ ತಗೀತಾರ."

ಕುಂಥುನಾಥ ಬುಡ್ಡಿಯನ್ನು ಒಂದು ಬೆರಳಿನಿಂದ ಅತ್ತ ಸರಿಸಿದ. ಕುಡಿಯುವ ನೀರನ್ನು ಎರಡು ಸಲ ಸೋಸುವ ಮನುಷ್ಯ ಅವನು. ಕಮಲವ್ವ ಅದನ್ನೆತ್ತಿ ಸೆರಗಿನಲ್ಲಿ ಕಟ್ಟಿಕೊಂಡಳು.

"ಪಾಪ ಬಂದ್ರ ನನಗ ಬರ್ಲಿ," ಅಂದಳು.

ಮೋಟಾರಿನಲ್ಲಿ ತಿರುಗಿ ಬರುವಾಗ ಗೋಕಾಕ ದಾಟಿದ ಮೇಲೆ ಅವನು ಅವಳ ಕಡೆ ತಿರುಗಿದ. "ಮಂದಿಗೆ ಗೊತ್ತಾಗಬಾರದು ಕಮಲಾ. ನಮ್ಮ ಅತ್ತಿಗೂ, ನೇಮೂಗೂ."

"ಆಗಂಗಿಲ್ರಿ."

ಅವಳು ಹೀರೇಕಾಯಿಗೆ ಚುಚ್ಚಿ ಕಲಿತಳು. ಆಮೇಲೆ ಬರಿ ನೀರು ತುಂಬಿ ತನ್ನ ತೊಡೆಗೇ ಚುಚ್ಚಿಕೊಂಡು ನೋಡಿದಳು.

ಎರಡು ತಿಂಗಳಲ್ಲಿ ಮಾಸ್ತರನ ಕೆನ್ನೆ ತುಂಬಿದವು. ಆದರೆ ಆ ಮದ್ದು ಮನುಷ್ಯನನ್ನು ನೆಮ್ಮದಿಯಿಂದ ಇರಗೊಡಲಿಲ್ಲ. ಚುಚ್ಚಿದ ಮೇಲೆ ಊಟ ಕೊಂಚ ತಡವಾದರೆ, ಬಿಸಿಲಲ್ಲಿ ನಾಲ್ಕು ಹೆಜ್ಜೆ ಹೆಚ್ಚು ನಡೆದರೆ, ಮೈಯೆಲ್ಲ ಬೆವೆತು ಕೈ ನಡುಗಿ ನಾಲಗೆ ತೊದಲುತ್ತಿತ್ತು. ಕಣ್ಣುಗಳು ಗುರುತಿಲ್ಲದವರನ್ನು ನೋಡಿದಂತಿರುತ್ತಿದ್ದವು. ಸಿಟ್ಟೇ ಇಲ್ಲದವನು ಹುಡುಗರ ಪಾಟಿ ಎತ್ತಿ ಒಗೆಯುತ್ತಿದ್ದ. ಬೆಲ್ಲದ ಚೂರು ಬಾಯಿಗೆ ಬಿದ್ದು ಸ್ವಲ್ಪ ಹೊತ್ತಾದರೆ ಎಲ್ಲ ಸರಿ. ಆಗ, "ನಾ ಏನ್ ಮಾಡಿದೆ?" ಎಂದು ಕೇಳುತ್ತಿದ್ದ.

ಒಮ್ಮೆ ಹೊತ್ತು ಮುಳುಗಿದ ಮೇಲೆ ನಡುಕ ಬಂತು. ಜೈನರ ನೇಮದಂತೆ ಕತ್ತಲಾದ ಮೇಲೆ ಎಂದೂ ಏನೂ ತಿಂದವನಲ್ಲ. ಮೈಮೇಲೆ ಎಚ್ಚರವಿಲ್ಲದಿದ್ದರೂ ಹಲ್ಲು ಕಚ್ಚಿ ಹಿಡಿದ. ಕಮಲವ್ವ ಅವನ ದವಡೆ ಅಗಲಿಸಿ ಬೆಲ್ಲ ತುರುಕಿದಳು. ಎಚ್ಚರಾದ ಮೇಲೆ ನಾಲಗೆಯ ಮೇಲಿನ ಸಿಹಿ ತಿಳಿದು ಅವನು ಗೋಡೆಗೆ ಮುಖ ಮಾಡಿ ಅತ್ತ.

ಗೋಕಾಕದ ಪೇಟೆಯಲ್ಲಿ ನಡುಹಾದಿಯಲ್ಲೇ ತೂರಾಡಿ ಬಿದ್ದದ್ದು ಅದಾದ ಮೇಲೆ. ಪೇರಲಹಣ್ಣು ಮಾರುವ ಹೆಂಗಸೊಬ್ಬಳು ಹಣ್ಣು ತಿನ್ನಿಸಿ ಎಬ್ಬಿಸಿದಳು. ಮಾಸ್ತರ ಕುಡಿಯುತ್ತಾನೆಂಬ ಸುದ್ದಿ ಅವನಿಗಿಂತ ಮೊದಲೇ ಮೂಡಲಗಿ ಮುಟ್ಟಿತ್ತು. ಸಾಲೆಯ ಹುಡುಗರು ಅವನ ಬೆನ್ನ ಹಿಂದೆ ಓಲಾಡಿ ನಡೆದು ನಕ್ಕರು. ಒಂದೇ ಮಾತಿನಲ್ಲಿ ಎಲ್ಲ ತಿಳಿಸಿಬಿಡಬಹುದಾಗಿತ್ತು. ಆ ಮಾತು ಆಡಲು ಅವನಿಂದಾಗಲಿಲ್ಲ.

*

ಹೊತ್ತು ಬಾಗಿದಾಗ ಮಾಯಪ್ಪ ಬಂದ. ಘೋಡಗೇರಿಯ ಕುರುಬ, ಗಿಡಮೂಲಿಕೆ ಬಲ್ಲವನು. ವಾರದ ಹಿಂದೆ ಮಾಸ್ತರ ಅವನಿಂದ ಎಲೆಯ ಮದ್ದು ತಂದದ್ದು ಊರಿಗೆ ಗೊತ್ತಿತ್ತು, ಯಾವ ಜಡ್ಡಿಗೆಂದು ಗೊತ್ತಿರಲಿಲ್ಲ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ನಿಲ್ಲಿಸಲು ಈ ಕಡೆ ಬಂದಿದ್ದ. ಅಂಗಳದವರನ್ನು ದಾಟಿ ನೇರ ಹೊಸ್ತಿಲವರೆಗೆ ಬಂದು, ಕಮಲವ್ವನನ್ನು ನೋಡಿ ಕೇಳಿದ:

"ತಂಗೀ, ಸೂಜಿ ಬಿಟ್ಟಿದ್ರೇನು?"

ಅಂಗಳದವರೆಲ್ಲ ಇತ್ತ ತಿರುಗಿದರು.

"ಯಾವ ಸೂಜಿ?" ನೇಮಿನಾಥ ಹೊರಗೆ ಬಂದ.

ಕಮಲವ್ವ ಈ ಸಲ ಕೂರಲಿಲ್ಲ. ಒಳಗೆ ಹೋಗಿ ನೀರಿನ ಗಡಿಗೆಯ ಬುಡದಲ್ಲಿ ಒದ್ದೆ ಅರಿವೆಯೊಳಗೆ ಸುತ್ತಿಟ್ಟಿದ್ದ ಬುಡ್ಡಿಯನ್ನು ತಂದು ಕಟ್ಟೆಯ ಮೇಲಿಟ್ಟಳು.

"ಅವರು ಒಂದು ದಿನಾನೂ ಕುಡದವರಲ್ಲ," ಅಂದಳು. "ಅವರಿಗೆ ಸಕ್ಕರಿ ಜಡ್ಡಿತ್ತು. ಈ ಮದ್ದು ಹೆಚ್ಚಾದ್ರ ತೂರಾಡ್ತಿದ್ರು. ಇದು ಇಲ್ಲದಾಗ ಆ ವಾಸನಿ ಬಂತು. ದನದ ಹೊಟ್ಟ್ಯಾಗಿಂದ ತಗದ ಮದ್ದಿದು. ಅದಕ್ಕs ಯಾರಿಗೂ ಹೇಳಲಿಲ್ಲ."

ಜಿನ್ನವ್ವ ಬಾಯಿಗೆ ಸೆರಗು ಹಿಡಿದು ಹಿಂದೆ ಸರಿದಳು. "ನನ್ನ ತವರಮನ್ಯಾಗ? ಕುಡಿಯೋ ನೀರಿನ ಗಡಿಗಿ ಬುಡಕ?" ಎಂದವಳು ಕಮಲವ್ವನ ಮುಖ ನೋಡದೆ ಹಿತ್ತಲಿಗೆ ನಡೆದಳು. ಅಂಗಳದಲ್ಲಿ ಕೂತಿದ್ದ ಕೆಲವರು ಚಪ್ಪಲಿ ಮೆಟ್ಟಿ ಹೊರಟೇಹೋದರು.

ನೇಮಿನಾಥ ಮಾಯಪ್ಪನ ಕಡೆ ತಿರುಗಿದ. "ಹಂಗಾರ ಸೂಜಿ ಬಿಡಿಸಿದಾಂವ ನೀನs! ನಿನ್ನ ಎಲಿ ತಿನ್ನಿಸಿ ಕೊಂದಿ ನಮ್ಮಣ್ಣನ್ನ."

"ಅವನಿಗೆ ಏನೂ ಅನ್ನಬ್ಯಾಡ," ಕಮಲವ್ವ ತಡೆದಳು. "ಬಿಡಬ್ಯಾಡ್ರಿ ಅಂತ ಅವನs ಕೈ ಮುಗಿದು ಹೇಳಿದ್ದ."

ಮಾಯಪ್ಪ ನೆಲ ನೋಡುತ್ತ ಹೇಳಿದ, "ನನ್ನ ಎಲಿ ಮುದುಕರ ಜಡ್ಡಿಗೆ ನಡೀತೈತ್ರಿ. ಇವರಂಗ ಸೊರಗಿದವರನ್ನ ಅದು ಉಳಿಸಿದ್ದು ನಾ ಕಂಡಿಲ್ಲ. ಸೂಜಿ ಜೋಡಿ ತಗೋರಿ ಅಂದಿದ್ದೆ. ಮಾಸ್ತರು ಹೂಂ ಅಂದು ಹೋದ್ರು."

"ಎಂಟು ದಿನ ಸೂಜಿ ಬಿಟ್ಟು ಬರೇ ಎಲಿ ತಿಂದು ನೋಡೂಣು ಅಂದ್ರು," ಕಮಲವ್ವ ನೇಮಿನಾಥನ ಕಡೆ ತಿರುಗಿದಳು. "ನಾ ಒಲ್ಲೆ ಅನ್ನಬೇಕಾಗಿತ್ತು. ಅನ್ನಲಿಲ್ಲ. ಮೂರು ವರ್ಷ ಸಾಲಿ ಗಂಟಿ ಕೇಳಿದ್ರ ಸಾಕು, ಎಲ್ಲಿ ಬಿದ್ರೋ ಅಂತ ಓಣಿಗೆ ಓಡಿ ಬರ್ತಿದ್ದೆ ನೇಮೂ. ಈ ಐದು ದಿನ ಹಾದಿ ನೋಡಲಿಲ್ಲ. ಕಣ್ತುಂಬ ನಿದ್ದಿ ಮಾಡಿದೆ. ಅವರು ನೀರು ನೀರು ಅನ್ನಾಕತ್ತಿದ್ದು ನಿನ್ನಿ ತನಕಾ ನನ್ನ ತಲಿಗೆ ಹತ್ತಲಿಲ್ಲ. ಹತ್ತಿದ ಮ್ಯಾಲ ಚುಚ್ಚಿದೆ. ಆಗ ಹೊತ್ತು ಮೀರಿತ್ತು."

ನೇಮಿನಾಥ ಬುಡ್ಡಿಯನ್ನು ಎತ್ತಿ ನೋಡಿ ತಿರುಗಿ ಇಟ್ಟ.

"ವೈನಿ, ಗೋಕಾಕದಾಗ ಅಣ್ಣ ಬಿದ್ದಿದ್ದು ನನ್ನ ಅಂಗಡಿ ಎದುರಿಗೆ. ನಾ ಕಂಡಿದ್ದೆ. ಕಂಡು ಬಾಗಿಲಾ ಹಾಕ್ಕೊಂಡೆ."

"ಗೊತ್ತೈತಿ," ಅಂದಳು ಕಮಲವ್ವ. "ಅವರೂ ನಿನ್ನ ಕಂಡಿದ್ರು."

ನೇಮಿನಾಥ ಅಂಗಿ ಕಳಚಿದ. ತಾನು ಹಿಡಿಯಬೇಕಾಗಿದ್ದ ಕಿಚ್ಚಿನ ಗಡಿಗೆಯನ್ನು ಓಣಿಯ ಹಿರಿಯರೊಬ್ಬರ ಕೈಗೆ ಕೊಟ್ಟು ಚಟ್ಟದ ತಲೆಯ ಕಡೆಗೆ ಬಂದ. ಹಿಂದಿನೆರಡು ಹೆಗಲಿಗೆ ಸಾಲೆಯ ಇಬ್ಬರು ಮಾಸ್ತರರು ಸದ್ದಿಲ್ಲದೆ ಬಂದರು. ನಾಲ್ಕನೆಯ ಹೆಗಲಿಗೆ ಯಾರೂ ಏಳಲಿಲ್ಲ.

"ಬಾರಪಾ," ನೇಮಿನಾಥ ಮಾಯಪ್ಪನಿಗೆ ಹೇಳಿದ.

ಚಟ್ಟ ಎದ್ದಿತು. ಏಳುತ್ತಲೇ ಒಂದು ಕಡೆಗೆ ವಾಲಿತು. ನೇಮಿನಾಥ ಆಜಾನುಬಾಹು, ಮಾಯಪ್ಪ ಅವನ ಎದೆಯೆತ್ತರದವನು. ಹೆಣದ ತಲೆ ಮಾಯಪ್ಪನ ಕಡೆಗೆ ಜಾರಿತು. ಕಮಲವ್ವ ಹೊಸ್ತಿಲಲ್ಲಿ ಕೈ ಮುಂದೆ ಚಾಚಿದಳು.

"ನಿಲ್ರಿ," ಅಂದ ಮಾಯಪ್ಪ. ಚಟ್ಟವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದರಿಂದ ತನ್ನ ತಲೆಯ ಮೇಲಿನ ಕಂಬಳಿಯನ್ನು ಎಳೆದು, ಹಲ್ಲಿನಿಂದ ಕಚ್ಚಿ ಮಡಿಕೆ ಮಾಡಿದ. ಮತ್ತೊಂದು ಮಡಿಕೆ, ಇನ್ನೂ ಒಂದು. ಅದನ್ನು ಹೆಗಲಿಗೆ ಪೇರಿಸಿ ಬೊಂಬಿನ ಕೆಳಗೆ ಕೊಟ್ಟ. ಕರಿ ಕಂಬಳಿಯ ಮೇಲೆ ಚಟ್ಟ ಮಟ್ಟವಾಗಿ ಕೂತಿತು. ನಾಲ್ವರೂ ಹೆಜ್ಜೆ ಕೂಡಿಸಿಕೊಂಡು ಓಣಿಗೆ ಇಳಿದರು.