ಮೇಕೆ ಮೇಯ್ದ ಗಿಡ

"ಆ ಚೀಟಿಗೆ ಗೋಂದು ಹಚ್ಚಬೇಡಿ ಫಾದರ್," ಎಂದರು ಪ್ರಿನ್ಸಿಪಾಲರು, ಬಾಗಿಲಲ್ಲೇ ನಿಂತು.

ಗಿಡದ ಫಾದರ್ ಕೇಳಿಸದವರಂತೆ ಕುಂಚವನ್ನು ಬಟ್ಟಲಲ್ಲಿ ಅದ್ದಿದರು. ಕಾಲೇಜಿಗೆ ಕಾಲೇಜೇ ಅವರನ್ನು ಕರೆಯುತ್ತಿದ್ದುದು ಹಾಗೆ. ಮತಪ್ರಚಾರಕ್ಕೆಂದು ಸಮುದ್ರ ದಾಟಿ ಬಂದವರು. ಅವರ ಪ್ರವಚನ ಕೇಳಿ ಆಕಳಿಸಿದವರೇ ಹೆಚ್ಚು. ಗಿಡಗಳು ಮಾತ್ರ ಅವರ ಕೈಬಿಡಲಿಲ್ಲ. ಹನ್ನೊಂದು ಸಾವಿರ ಗಿಡ ಒಣಗಿಸಿ, ಹಾಳೆಗೆ ಅಂಟಿಸಿ, ಈ ಕೋಣೆಯ ಕಪಾಟುಗಳಲ್ಲಿ ಜೋಡಿಸಿಟ್ಟಿದ್ದರು.

ಈಗ ಮೇಜಿನ ಮೇಲಿದ್ದದ್ದು ಅವುಗಳಲ್ಲೆಲ್ಲ ಹೆಸರಾದ ಹಾಳೆ. ಗೇಣುದ್ದದ ಕುಳ್ಳ ಗಿಡ, ಒತ್ತೊತ್ತಾಗಿ ಚಿಕ್ಕ ಎಲೆ. ಇಂಥದ್ದನ್ನು ಲೋಕದಲ್ಲಿ ಯಾರೂ ಕಂಡಿಲ್ಲವೆಂದು ನಲವತ್ತು ವರ್ಷದ ಹಿಂದೆ ಅವರು ಸಾರಿದ್ದರು. ವಿದ್ವಾಂಸರು ಒಪ್ಪಿ ಅವರದೇ ಹೆಸರಿಟ್ಟರು. ಅದರ ಚಿತ್ರ ಕಾಲೇಜಿನ ಗೇಟಿಗೂ ಏರಿತು, ಮಕ್ಕಳ ಅಂಗಿಯ ಜೇಬಿಗೂ ಏರಿತು. ನಾಳೆ ಕಾಲೇಜಿನ ಸುವರ್ಣ ಮಹೋತ್ಸವ. ದೂರದಿಂದ ಬರುವ ಅತಿಥಿಗಳಿಗೆ ತೋರಿಸಲು ಈ ಹಾಳೆಗೆಂದೇ ಗಾಜಿನ ಪೆಟ್ಟಿಗೆ ಮಾಡಿಸಿದ್ದರು.

ಎಲ್ಲ ಕೆಡಿಸಿದ್ದು ಕಿಟಕಿಯ ಬಳಿಯ ಕುಂಡ. ಮಂಡಿನೋವಿನಿಂದ ಗುಡ್ಡ ಹತ್ತಲಾಗದೆ, ಫಾದರ್ ಎರಡು ವರ್ಷದ ಹಿಂದೆ ಅದೇ ಗಿಡದ ಬೇರು ತರಿಸಿ ಅಲ್ಲಿ ನೆಟ್ಟಿದ್ದರು. ಅದು ಸೊಂಟದೆತ್ತರ ಬೆಳೆಯಿತು, ಅಂಗೈಯಗಲ ಎಲೆ ಬಿಟ್ಟಿತು, ಹೋದ ವಾರ ಹೂವನ್ನೂ ಬಿಟ್ಟಿತು. ನೋಡಿದರೆ, ಅಯ್ಯೋ, ಎಲ್ಲರ ಬೇಲಿಯಲ್ಲೂ ಇರುವ ಮಾಮೂಲಿ ಗಿಡ!

ಅದನ್ನು ಮೊದಲೇ ಹೇಳಿದವಳು ಮೇಕೆಯಕ್ಕ. ಅಂದು ಗುಡ್ಡದ ಮೇಲೆ ಮೇಕೆ ಕಾಯುತ್ತಿದ್ದ ಹುಡುಗಿ, "ಇದೇನು ಹೊಸದಲ್ಲ ಫಾದರ್, ನಮ್ಮ ಮೇಕೆ ಕಚ್ಚಿ ಕಚ್ಚಿ ಹೀಗಾಗಿದೆ," ಎಂದಿದ್ದಳು.

"ನಿನಗೇನಮ್ಮ ಗೊತ್ತು? ಹೋಗು, ಮೇಕೆ ನೋಡ್ಕೋ," ಎಂದಿದ್ದರು ಇವರು. ಹೂ ಅರಳಿದ್ದನ್ನು ನೋಡದೆ ಹೊಸ ಗಿಡವೆಂದು ಸಾರಬೇಡಿ ಎಂದು ತರಗತಿಯಲ್ಲಿ ಗದರುತ್ತಿದ್ದವರು, ಎರಡು ಬಾಡಿದ ಮೊಗ್ಗು ಕಂಡು ಆತುರಪಟ್ಟಿದ್ದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ನೆನೆದಾಗಲೆಲ್ಲ ಅವರಿಗೆ ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು.

"ನಾಳೆ ಒಂದು ದಿನ ಸುಮ್ಮನಿರಿ," ಎಂದರು ಪ್ರಿನ್ಸಿಪಾಲರು. "ಬಂದವರ ಮುಂದೆ ಕಾಲೇಜಿನ ಮಾನ ಹೋಗುತ್ತೆ."

"ಆ ಮಾನಾನ ಮೇಕೆ ತಿಂದು ನಲವತ್ತು ವರ್ಷ ಆಯ್ತಪ್ಪ. ಈಗ ಹುಡುಕಿದ್ರೆ ಸಿಗುತ್ತಾ?"

ಕಪಾಟಿನ ಧೂಳು ಒರೆಸಲು ಬಂದಿದ್ದ ಮೇಕೆಯಕ್ಕ ಕಿಸಕ್ಕನೆ ನಕ್ಕಳು. ಪ್ರಿನ್ಸಿಪಾಲರ ಮುಖ ಕೆಂಪೇರಿತು. ಒಂದು ಕಾಲಕ್ಕೆ ಅವರು ಈ ಫಾದರ್ ಕೈಕೆಳಗೇ ಗಿಡ ಒಣಗಿಸಲು ಕಲಿತವರು. ಈಗ ತಾವೂ ಪಾದ್ರಿ, ಪಾದ್ರಿಗಳ ಮನೆಗೂ ಅವರೇ ಹಿರಿಯರು.

"ವಿಧೇಯತೆಯ ವ್ರತ ಕೈಗೊಂಡಿದ್ದೀರಿ ಫಾದರ್. ನೀವು ಅಂಟಿಸಿದ್ರೆ, ಈ ಕೋಣೆ ಬೀಗದಕೈ ನನಗೆ ಕೊಡಬೇಕಾಗುತ್ತೆ. ಮತ್ತೆ ಇಲ್ಲಿಗೆ ಬರೋ ಹಾಗಿಲ್ಲ."

ಫಾದರ್ ಕಪಾಟುಗಳ ಕಡೆ ಒಮ್ಮೆ ನೋಡಿದರು. ಆಮೇಲೆ ಹಾಳೆಯ ಮೇಲೆ ತಮ್ಮ ಹೆಸರಿದ್ದ ಹಳೆಯ ಚೀಟಿಯ ಪಕ್ಕದಲ್ಲಿ ಹೊಸದನ್ನಿಟ್ಟು ಹೆಬ್ಬೆರಳಿನಿಂದ ಒತ್ತಿದರು. ಅದರ ಮೇಲೆ ಬರೆದಿತ್ತು: "ಸಾಮಾನ್ಯ ಬೇಲಿಗಿಡ. ಮೇಕೆ ಮೇಯ್ದು ಕುಗ್ಗಿದ್ದು. ತಪ್ಪು ನನ್ನದು. ಸರಿಯಾಗಿ ಗುರುತಿಸಿದವರು:" ಮುಂದೆ ಖಾಲಿ.

"ಮೇಕೆಯಕ್ಕಾ, ನಿನ್ನ ಹೆಸರೇನು?"

"ಈಗ ಕೇಳ್ತಿದ್ದೀರಲ್ಲ, ಪುಣ್ಯಾತ್ಮರು!" ಎನ್ನುತ್ತ ಅವಳು ಹೆಸರು ಹೇಳಿದಳು. ಅವರು ದೊಡ್ಡ ಅಕ್ಷರದಲ್ಲಿ ಬರೆದರು.

ಪ್ರಿನ್ಸಿಪಾಲರು ನೇರ ಬಂದು ಚೀಟಿಯ ಮೂಲೆಗೆ ಉಗುರು ಹಾಕಿದರು. ಗೋಂದು ಇನ್ನೂ ಹಸಿಯಾಗಿತ್ತು.

"ಏನು ಕಲಿಸಿದ್ದೆ ನಾನು?" ಫಾದರ್ ದನಿ ಹಳೆಯ ತರಗತಿಯ ದನಿಯಾಗಿತ್ತು.

"ಹಾಳೆಗೆ ಒಮ್ಮೆ ಅಂಟಿಸಿದ ಚೀಟಿ ಕೀಳಬಾರದು," ಎಂದುಬಿಟ್ಟರು ಪ್ರಿನ್ಸಿಪಾಲರು. "ತಪ್ಪಿದ್ದರೆ ಪಕ್ಕದಲ್ಲಿ ಇನ್ನೊಂದು..."

ಬೆರಳು ಹಿಂದೆ ಸರಿಯಿತು. ಆದರೆ ಬೀಗದಕೈಗೆಂದು ಅಂಗೈ ಚಾಚಿದರು. ಫಾದರ್ ಸೊಂಟದ ದಾರದಿಂದ ಬೀಗದಕೈ ಬಿಚ್ಚಿ ಅದರಲ್ಲಿಟ್ಟರು.

"ವಿಧೇಯತೆ ಅಂದ್ಯಲ್ಲ, ತಗೋ. ಚೀಟಿ ಮಾತ್ರ ಹಾಗೇ ಇರುತ್ತೆ."

ಗೇಟಿನ ಬಳಿ ಮೇಕೆಯಕ್ಕ ತನ್ನ ನಾಲ್ಕು ಮೇಕೆಗಳ ಹಗ್ಗ ಬಿಚ್ಚಿದಳು. "ಹೊಳೆ ಪಕ್ಕ ಇನ್ನೊಂದು ಗಿಡ ಇದೆ ಫಾದರ್. ಮೇಕೆ ಮೂಸಿ ನೋಡಿ ಬಿಟ್ಟುಬಿಡುತ್ತೆ. ನೀವು ಬಯ್ತೀರ ಅಂತ ತೋರಿಸಿರ್ಲಿಲ್ಲ."

"ಹೂ ಬಿಟ್ಟಿದೆಯಾ?"

"ಬಂದು ನೋಡಿ. ಕಣ್ಣಿದೆಯಲ್ಲ!"

ಮಂಡಿ ಹಿಡಿದುಕೊಂಡು, ನಿಂತು ನಿಂತು ನಡೆದರು. ಹೊಳೆಯಂಚಿನಲ್ಲಿ ಮೊಣಕಾಲೆತ್ತರದ ಗಿಡ, ಮೈತುಂಬಾ ನೀಲಿ ಹೂ. ಫಾದರ್ ಕೂತು ಬಹಳ ಹೊತ್ತು ನೋಡಿದರು. ಹೆಸರು ಮಾತ್ರ ಹೇಳಲಿಲ್ಲ. ಗಿಡ ಒತ್ತುವ ಹಲಗೆಗಳು ಬೀಗದ ಒಳಗಿದ್ದವು. ಜೇಬಿನಿಂದ ಪ್ರಾರ್ಥನೆ ಪುಸ್ತಕ ತೆಗೆದು, ನಡುವೆ ಒಂದು ಹೂಗೊಂಚಲನ್ನು ಬಿಡಿಸಿಟ್ಟು ಮುಚ್ಚಿದರು. ಸೊಂಟದ ದಾರದಿಂದ ಬಿಗಿಯಾಗಿ ಕಟ್ಟಿದರು. ಆಮೇಲೆ ಬಂಡೆಯ ಮೇಲೆ ಪುಸ್ತಕವನ್ನಿಟ್ಟು, ಅದರ ಮೇಲೆ ಭಾರಕ್ಕೆ ತಾವೇ ಕುಳಿತರು.

ಮೇಕೆಗಳು ಸುತ್ತಲೂ ಮೇಯುತ್ತ ಬಂದು, ಆ ಗಿಡವನ್ನು ಮಾತ್ರ ಮೂಸಿ, ಬಿಟ್ಟು ಮುಂದೆ ಹೋದವು.