ಸಲಾಕೆ ಕೆಳಗಿಟ್ಟ ಅಕ್ಕ

ಲಿಫ್ಟ್ ಕೂರಿಸುವ ತಂಡಕ್ಕೆ ಅವಳೇ ಮೇಸ್ತ್ರಿ, ಕೆಲಸಗಾರರಿಗೆಲ್ಲ ಅಕ್ಕ. ಈಗ ದೊಡ್ಡ ಆಸ್ಪತ್ರೆಯ ಕೆಲಸ ಬಂದಿದೆ. "ಪ್ರಾಜೆಕ್ಟ್ ಮ್ಯಾನೇಜರ್ ಪರೀಕ್ಷೆ ಪಾಸಾಗು, ಕೆಲಸ ನಿಂದೇ. ಇಲ್ಲಾಂದ್ರೆ ಹೊರಗಿನವನನ್ನ ತಂದು ನಿನ್ನ ತಲೆ ಮೇಲೆ ಕೂರಿಸ್ತೀನಿ," ಅಂದುಬಿಟ್ಟಿದ್ದರು ಮಾಲೀಕರು. ಒಮ್ಮೆ ಆಗಲೇ ಡುಮ್ಕಿ ಹೊಡೆದಿದ್ದಳು.

ಪಾಠ ಹೇಳುವವಳು ನಾದಿನಿ. ಅದೇ ಪರೀಕ್ಷೆ ಗೆದ್ದು ಆಫೀಸಿನಲ್ಲಿ ಕೂತವಳು.

"ಕೆಲಸದವನು ತಪ್ಪು ಮಾಡಿದ. ಮೊದಲು ಏನ್ಮಾಡ್ತೀಯ ಅತ್ತಿಗೆ?"

"ಸರಿಮಾಡ್ತೀನಿ."

"ತಪ್ಪು."

"ಹಾಗಾದ್ರೆ ಬೈದು ಸರಿಮಾಡ್ತೀನಿ."

"ಅಯ್ಯೋ! ಕೈ ಕಟ್ಕೊಂಡು ಮೊದಲು ಕೇಳು, ಕಾರಣ ತಿಳ್ಕೊ. ಬರೀ ಓದಿದ್ರೆ ಆಗಲ್ಲ, ಬುದ್ಧಿ ಆ ಕಡೆ ತಿರುಗಬೇಕು."

ನಟ್ಟು ತಿರುಗಿಸಲು ಸ್ಪ್ಯಾನರ್ ಇದೆ. ಬುದ್ಧಿ ತಿರುಗಿಸಲು ಏನಿದೆ?

ಪರೀಕ್ಷೆಯ ಹಿಂದಿನ ದಿನ ಫಿಟ್ಟರ್ ಒಬ್ಬ ಲಿಫ್ಟಿನೊಳಗೆ ಸಿಕ್ಕಿಕೊಂಡ. ಬಾಗಿಲು ಮೀಟಲು ಸಲಾಕೆ ಎತ್ತಿದವಳಿಗೆ ನಾದಿನಿಯ ಮಾತು ನೆನಪಾಯಿತು. ಸಲಾಕೆ ಕೆಳಗಿಟ್ಟು, ಬಾಗಿಲಿಗೆ ಬಾಯಿ ಹಚ್ಚಿ ಕೇಳಿದಳು: "ಇದಕ್ಕೆ ಮೂಲ ಕಾರಣ ಏನು ಅನ್ಸುತ್ತೆ ನಿನಗೆ?"

ಒಳಗಿದ್ದವನು ಬಾಗಿಲು ಬಡಿಯುವುದನ್ನು ನಿಲ್ಲಿಸಿದ. ಆಮೇಲೆ, "ಅಕ್ಕಾ, ಹುಷಾರಾಗಿದೀಯ ತಾನೆ?"

"ನಿನ್ನ ಅಭಿಪ್ರಾಯ ಹೇಳಪ್ಪ."

"ಬಾಗಿಲು ತೆಗೀಬೇಕು ಅನ್ನೋದೇ ನನ್ನ ಅಭಿಪ್ರಾಯ!"

ಹೊರಗಿದ್ದವರು ಮುಖ ಮುಖ ನೋಡಿಕೊಂಡರು. ಅವಳು ಮಾತ್ರ ಜಗ್ಗಲಿಲ್ಲ. ಕೊನೆಗೆ ಒಳಗಿಂದ ಸಣ್ಣ ದನಿ: "ಸ್ಕ್ರೂಡ್ರೈವರ್ ಬಾಗಿಲ ಸಂದೀಲಿ ಬಿಟ್ಟಿದ್ದೆ. ಅದೇ ಅಡ್ಡ ಬಂದಿರ್ಬೇಕು."

ಅವನೇ ಅದನ್ನು ಎಳೆದು ತೆಗೆದ. ಬಾಗಿಲು ಬೆಣ್ಣೆಯ ಹಾಗೆ ಸರಿಯಿತು. ಸಲಾಕೆ ಹಾಕಿದ್ದರೆ ಹೊಸ ಬಾಗಿಲು ಸೊಟ್ಟಗಾಗುತ್ತಿತ್ತು, ಸರಿ. ಆದರೆ ಅವನಿಗೆ ಉಸಿರು ಕಟ್ಟಿದ್ದರೆ? ಆಗಲೂ ಅಭಿಪ್ರಾಯ ಕೇಳುತ್ತ ನಿಲ್ಲಬೇಕಿತ್ತೆ? ಅವಳ ತಲೆ ಗಿರ್ರೆಂದಿತು.

ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೂ ಮನಸ್ಸು ಸಲಾಕೆಯ ಕಡೆಗೇ ಓಡಿತು. ಪ್ರತಿ ಸಲವೂ ಬಾಗಿಲ ಹಿಂದಿನ ಆ ಸಣ್ಣ ದನಿಗೆ ಕಾದು, ಆಮೇಲೆ ಉತ್ತರಕ್ಕೆ ಗುರುತು ಹಾಕಿದಳು. ಕಂಪ್ಯೂಟರ್ ಪರದೆಯ ಮೇಲೆ 'ಪಾಸ್' ಎಂದು ಬಂದಾಗ ಅದು ತನಗೇನಾ ಎಂದು ಅಕ್ಕಪಕ್ಕ ನೋಡಿದಳು.

ಸುದ್ದಿ ಹೇಳಲು ಮನೆಗೆ ಬಂದರೆ ಅಡುಗೆಮನೆಯ ನಲ್ಲಿ ಧಾರಾಕಾರವಾಗಿ ಸೋರುತ್ತಿತ್ತು. ಸ್ಪ್ಯಾನರ್ ಹಿಡಿದು ನುಗ್ಗಿದವಳು ಗಕ್ಕನೆ ನಿಂತು, "ಅತ್ತೆ, ಯಾಕೆ ಸೋರ್ತಿರಬಹುದು ಅಂತೀರಿ?" ಎಂದಳು.

ಅತ್ತೆ, ಪಾಠ ಹೇಳಿಕೊಟ್ಟ ಮಗಳ ಕಡೆ ತಿರುಗಿದರು. "ಚೆನ್ನಾಗಿದ್ದ ಸೊಸೇನ ಏನ್ಮಾಡಿಟ್ಟೆಯೇ ನೀನು?"