ಡೊಂಕು ಮರ ಇದ್ದ ಜಾಗ

ನನ್ನ ಕಟ್ಟಡದ ಕಡೆ ಬರುವುದೆಂದರೆ ಅಪ್ಪನಿಗೆ ಮಂಡಿನೋವು. ತಂಗಿಯ ಕಾಡಿಗೆ ಹೋಗುವುದೆಂದರೆ ಯಾವ ನೋವೂ ಇಲ್ಲ. ನಾನು ಕೆಲಸ ಮಾಡುವಲ್ಲಿಗೆ ಸಪಾಟು ರಸ್ತೆ, ಬಸ್ಸು ಬಾಗಿಲಲ್ಲೇ ನಿಲ್ಲುತ್ತದೆ. ಅವಳ ಕಡೆ ಗುಡ್ಡ. ಆ ಗುಡ್ಡವನ್ನು ಅಪ್ಪ ದಿನಾ ಬೆಳಿಗ್ಗೆ ಕೋಲು ಊರಿಕೊಂಡು ಹತ್ತುತ್ತಾರೆ, ಅಲ್ಲಿನ ಬೆಂಚಿನ ಮೇಲೆ ಕೂತು ಸಂಜೆ ಇಳಿಯುತ್ತಾರೆ. ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಬುದ್ಧಿ ಹೇಳುವವರು ಒಂದು ದಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತು ನೋಡಲಿ.

ಅಪ್ಪ ಮೈಯಲ್ಲಿ ಶಕ್ತಿ ಇರುವವರೆಗೂ ಮರ ಕಡಿದವರು. ನಾವಿಬ್ಬರು ಹೆಣ್ಣುಮಕ್ಕಳೂ ಮರದ ಕಸುಬಿಗೇ ಬಿದ್ದೆವು. ನಾನು ಬಡಗಿ, ಮರದಲ್ಲೇ ಕಟ್ಟಡ ಎಬ್ಬಿಸುವವಳು. ತಂಗಿ ಕಾಡು ಕಾಯುವವಳು. ಯಾವ ಮರ ಕಡಿಯಬಹುದು, ಯಾವುದು ಉಳಿಯಬೇಕು ಎಂದು ಗುರುತು ಹಾಕುವುದು ಅವಳ ಕೆಲಸ. ಉಳಿಯುವುದಕ್ಕೆ ಬಿಳಿ ಪಟ್ಟಿ, ಕಡಿಯುವುದಕ್ಕೆ ಕೆಂಪು ಚುಕ್ಕೆ. ರಾತ್ರಿ ಊಟಕ್ಕೆ ಕೂತರೆ ಅಪ್ಪ ವಿಚಾರಿಸುವುದು ಅವಳನ್ನೇ. "ಇವತ್ತು ಯಾವುದಕ್ಕೆ ಬಿಳಿ ಹಚ್ಚಿದೆ?" ನನಗೆ ಒಂದೇ ಪ್ರಶ್ನೆ. "ಟೋಪಿ ಹಾಕ್ಕೊಂಡಿದ್ದೆ ತಾನೆ?"

ಆ ಟೋಪಿ ಅಪ್ಪನೇ ತಂದದ್ದು, ನಾನು ವಾಚನಾಲಯ ಕಟ್ಟುವ ಕೆಲಸ ಹಿಡಿದಾಗ. ಹಳದಿ ಎಂದರೆ ಕಣ್ಣು ಚುಚ್ಚುವ ಹಳದಿ. ಅದೇ ದಿನ ತಂಗಿಗೆ ಬಂದದ್ದು ಒಳ್ಳೆ ಚರ್ಮದ ಬೂಟು. ಬಿಸಿಲಿಗೆ ಟೋಪಿ ಎಂದರು. ಮೋಡ ಕವಿದ ದಿನವೂ ಬಿಡಲಿಲ್ಲ. ಜೊತೆಯ ಬಡಗಿಗಳು ನನ್ನನ್ನು ನಿಂಬೆಹಣ್ಣು ಎಂದು ಕರೆಯತೊಡಗಿದರು. ಆದರೂ ನಾನು ಅದನ್ನೇ ಹಾಕಿಕೊಂಡು ಹೋಗುತ್ತಿದ್ದೆ.

ವಾಚನಾಲಯದ ಚಾವಣಿಗೆ ಈ ಗೋಡೆಯಿಂದ ಆ ಗೋಡೆ ಮುಟ್ಟುವ ಒಂದು ಉದ್ದನೆಯ ತೊಲೆ ಬೇಕಿತ್ತು. ಅಂಥ ಮರ ಗುಡ್ಡದ ಮೇಲೆ ಒಂದೇ ಇತ್ತು, ನೂಲು ಹಿಡಿದು ಬೆಳೆಸಿದ ಹಾಗೆ ನೆಟ್ಟಗೆ. ನಾನು ಹೋಗಿ ಕೇಳುವಷ್ಟರಲ್ಲಿ ಅದಕ್ಕೆ ಬಿಳಿ ಪಟ್ಟಿ ಬಿದ್ದಿತ್ತು.

"ಅದು ಬೀಜದ ಮರ, ಅಕ್ಕ," ಅಂದಳು ತಂಗಿ. "ನೆಟ್ಟಗಿರೋದನ್ನ ಮೊದಲು ಬಿಡಬೇಕು. ಮುಂದಿನ ಕಾಡು ಅದರ ಬೀಜದಿಂದಲೇ ಬರೋದು. ಚೆನ್ನಾಗಿರೋದನ್ನೆಲ್ಲ ಕಡಿದರೆ ಉಳಿಯೋದು ಬರೀ ಡೊಂಕು."

"ಅಂದ್ರೆ ಚೆನ್ನಾಗಿರೋದು ನಿನಗೆ, ಡೊಂಕು ನನಗೆ."

"ನನಗಲ್ಲ, ಕಾಡಿಗೆ."

"ಎರಡೂ ಒಂದೇ ಕಣೇ. ಅಪ್ಪನ್ನೇ ಕೇಳೋಣ ಬಾ."

ಮರ ಕಡಿದ ಕೈ ನನ್ನ ಪರ ನಿಲ್ಲುತ್ತದೆ ಎಂದುಕೊಂಡಿದ್ದೆ. ಅಪ್ಪ ಬೆಂಚಿನಿಂದ ಏಳಲೂ ಇಲ್ಲ. "ಬಿಟ್ಟುಬಿಡು. ಒಳ್ಳೊಳ್ಳೇದನ್ನೆಲ್ಲ ನಾನೇ ಕಡಿದು ಮುಗಿಸಿದೀನಿ," ಅಂದರು. ಆಮೇಲೆ ಎದುರಿಗೆ ಅಡ್ಡಡ್ಡ ಬೆಳೆದು ನಿಂತಿದ್ದ ಒಂದು ಡೊಂಕು ಮರಕ್ಕೆ ಕೋಲು ತೋರಿಸಿ, "ಬೇಕಾದ್ರೆ ಇದನ್ನ ತಗೊಂಡು ಹೋಗು," ಅಂದರು. ಒಂದೊಂದು ಮರಕ್ಕೂ ವಾರಗಟ್ಟಲೆ ಯೋಚಿಸುವ ನನ್ನ ತಂಗಿ ಅದಕ್ಕೆ ನಿಂತ ಕಾಲಲ್ಲೇ ಕೆಂಪು ಚುಕ್ಕೆ ಇಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ದಿಮ್ಮಿ ಬಂದು ಎಷ್ಟೋ ದಿನ ಅಂಗಳದಲ್ಲಿ ಬಿದ್ದಿತ್ತು. ಕಂಡಾಗಲೆಲ್ಲ ಒದೆಯಬೇಕು ಅನ್ನಿಸುತ್ತಿತ್ತು, ಒಂದು ಸಲ ಒದ್ದೂ ಒದ್ದೆ. ಕಾಲುಬೆರಳು ಉಜ್ಜಿಕೊಳ್ಳುತ್ತ ಅದರ ಮೇಲೇ ಕೂತಾಗ ಹೊಳೆಯಿತು. ಉದ್ದಕ್ಕೆ ಸೀಳಿದರೆ ಒಂದೇ ರೀತಿ ಬಾಗಿದ ಎರಡು ಹೋಳು ಸಿಗುತ್ತವೆ. ಎದುರುಬದುರು ನಿಲ್ಲಿಸಿ ನೆತ್ತಿ ಸೇರಿಸಿದರೆ ಕಮಾನು. ಕೋಣೆಯ ನಡುವೆ ಕಮಾನು ನಿಂತರೆ ಉದ್ದ ತೊಲೆ ಯಾರಿಗೆ ಬೇಕು, ಎರಡು ಗಿಡ್ಡ ತೊಲೆ ಸಾಕು. ಅಂಥವು ತಂಗಿ ಕೆಂಪು ಹಚ್ಚಿದ ಮರಗಳಲ್ಲಿ ಬೇಕಾದಷ್ಟಿದ್ದವು.

ಕಮಾನು ನಿಲ್ಲಿಸುವ ದಿನ ಅಪ್ಪನಿಗೆ ಮೂರು ಸಲ ಹೇಳಿದ್ದೆ. "ನೋಡೋಣ, ಮಂಡಿ ಹೇಗಿರುತ್ತೋ," ಅಂದಿದ್ದರು. ಹಗ್ಗ ಎಳೆದು, ಹೋಳುಗಳ ನೆತ್ತಿ ಕೂಡಿಸಿ, ಮರದ ಬೆಣೆ ಬಡಿದು ಕೂರಿಸಿದೆವು. ಎಲ್ಲರೂ ಬೆನ್ನು ತಟ್ಟಿದರು. ನಾನು ಏಣಿಯ ತುದಿಯಿಂದ ರಸ್ತೆಯನ್ನೇ ನೋಡುತ್ತಿದ್ದೆ. ಅಪ್ಪ ಬರಲಿಲ್ಲ.

ಟೋಪಿ ಕಿತ್ತು ಚೀಲಕ್ಕೆ ತುರುಕಿ ನೇರ ಗುಡ್ಡ ಹತ್ತಿದೆ. ಈವತ್ತು ಇತ್ಯರ್ಥ ಆಗಿಹೋಗಲಿ ಎಂದು ಬಾಯಿತುಂಬ ಮಾತು ಸಿದ್ಧ ಮಾಡಿಕೊಂಡಿದ್ದೆ. ಅಪ್ಪ ಬೆಂಚಿನ ಮುಂದೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಕೆಳಗೆ ಹುಡುಕುತ್ತಿದ್ದರು. ನನ್ನನ್ನು ಕಂಡು ಹಾಗೇ ಕುಸಿದು ಕೂತರು.

"ಟೋಪಿ ಯಾಕೆ ತೆಗೆದೆ? ಬೆಣೆ ಬಡಿದೆ, ಎಡಗಡೆಯಿಂದ ಇಳಿದೆ, ಆಮೇಲೆ ಹಳದಿ ಕಾಣಲೇ ಇಲ್ಲ. ಜೀವ ಬಾಯಿಗೆ ಬಂತು ನನಗೆ."

ನಾನು ತಿರುಗಿ ನೋಡಿದೆ. ಡೊಂಕು ಮರ ಇದ್ದ ಜಾಗ ಈಗ ಬಯಲು. ಬುಡದ ಮೇಲಿಂದ ನೇರಕ್ಕೆ, ಕೆಳಗೆ, ನನ್ನ ವಾಚನಾಲಯ. ಕಮಾನು ಬೆರಳಿನಷ್ಟು ಕಾಣುತ್ತಿತ್ತು, ಏಣಿಯೂ ಕಾಣುತ್ತಿತ್ತು.

"ಅಲ್ಲಿಗೇ ಬಂದು ನೋಡಬಾರದಿತ್ತಾ?" ಅಂದೆ.

"ನೀನು ಮೇಲೆ ಹತ್ತೋದನ್ನ ಹತ್ತಿರ ನಿಂತು ನೋಡೋಕೆ ನನ್ನ ಕೈಲಾಗಲ್ಲ. ಈ ಮಂಡಿ ಹೋಗಿದ್ದು ಹಾಗೆ ಮರದಿಂದ ಬಿದ್ದೇ ಅಲ್ವಾ?"

ಬೆಂಚಿನ ಹಿಂದೆ ತಂಗಿ ಒಂದು ಮರಕ್ಕೆ ಬಿಳಿ ಹಚ್ಚುತ್ತಿದ್ದಳು. ತಿರುಗದೆಯೇ ಮಾತಾಡಿದಳು.

"ಆ ಡೊಂಕು ಮರ ಇದ್ದಾಗ ಸಂದಿಯಲ್ಲಿ ಕತ್ತು ತೂರಿಸಿ ನಿನ್ನನ್ನ ನೋಡ್ತಿದ್ರು. ನೀನು ಹೊಟ್ಟೆ ಉರ್ಕೊಳ್ತೀಯಲ್ಲ ಅಕ್ಕ, ಇವತ್ತು ಯಾವುದಕ್ಕೆ ಬಿಳಿ ಹಚ್ಚಿದೆ ಅಂತ ದಿನಾ ನನ್ನನ್ನ ಕೇಳ್ತಾರೆ ಅಂತ. ಇಡೀ ದಿನ ಇಲ್ಲೇ ಕೂತಿರ್ತಾರೆ. ಒಂದು ಸಲ ಈ ಕಡೆ ತಿರುಗಿದ್ರೆ ಕೇಳಬೇಕಾಗಿತ್ತಾ?"

ಖುಷಿಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ತಂಗಿಯ ಆ ದನಿ ನನ್ನದೇ, ಇಷ್ಟು ದಿನ ನಾನು ಒಳಗೊಳಗೇ ಆಡುತ್ತಿದ್ದದ್ದು.

"ಅಪ್ಪ, ನಾನು ಇಲ್ಲೇ ಇದೀನಿ. ಅಲ್ಲೇನು ನೋಡ್ತೀರಿ, ಈ ಕಡೆ ತಿರುಗಿ ಕೂರಿ," ಎಂದು ಭುಜ ಹಿಡಿದು ತಿರುಗಿಸಿದೆ.

ತಂಗಿ ಬಣ್ಣದ ಕೈ ಒರೆಸಿಕೊಂಡು, ಫೋಟೋಗೆ ನಿಲ್ಲುವವಳ ಹಾಗೆ ಮರದ ಪಕ್ಕ ನೆಟ್ಟಗೆ ನಿಂತಳು.